ಕಾರಿನ ವ್ಯಾಕ್ಸ್: ದುಬಾರಿ ವಿದೇಶಿ ಡಬ್ಬಿಯ ಲಾಭ-ನಷ್ಟ

ವ್ಯಾಪಾರಸ್ಥರ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ ‘ವಾಹನ ನಿರ್ವಹಣೆ’ ಖಾತೆಯಲ್ಲಿ ಇಂಧನ, ಟೈರು, ಸರ್ವೀಸಿಂಗ್ ವೆಚ್ಚಗಳ ನಡುವೆ ಇತ್ತೀಚಿನ ವರ್ಷಗಳಲ್ಲಿ ಮತ್ತೊಂದು ಬಾಬು ತಪ್ಪದೆ ಕಾಣಿಸಿಕೊಳ್ಳುತ್ತಿದೆ. ಅದು ಕಾರಿನ ಹೊಳಪಿನ ವೆಚ್ಚ. ಪಾಲಿಶ್, ವ್ಯಾಕ್ಸ್, ಕೋಟಿಂಗ್ ಎಂಬ ನಾನಾ ಹೆಸರುಗಳಲ್ಲಿ ಕೆಲವು ನೂರು ರೂಪಾಯಿಗಳಿಂದ ಹಲವು ಸಾವಿರ ರೂಪಾಯಿಗಳವರೆಗೆ ಈ ಬಾಬಿಗೆ ವ್ಯಯವಾಗುತ್ತದೆ. ಕಳೆದ ಲೆಕ್ಕಪರಿಶೋಧನೆಯ ಸಂದರ್ಭದಲ್ಲಿ ಹುಬ್ಬಳ್ಳಿಯ ಕಕ್ಷಿದಾರರೊಬ್ಬರು ವಿದೇಶಿ ವ್ಯಾಕ್ಸಿನ ಪುಟ್ಟ ಡಬ್ಬಿಯೊಂದರ ಬಿಲ್ಲನ್ನು ಮುಂದಿಟ್ಟು, “ಸರ್, ಇದಕ್ಕೆ ಇಷ್ಟು ದುಡ್ಡು ಕೊಟ್ಟದ್ದು ಸರಿಯೋ ತಪ್ಪೋ, ನೀವೇ ಹೇಳಿ” ಎಂದರು. ಈ ಪ್ರಶ್ನೆಗೆ ಉತ್ತರಿಸಲು ನನಗೆ ಸ್ವಂತ ಅನುಭವವೂ ಇತ್ತು. ಅದು ಹಣ ಕಳೆದುಕೊಂಡು ಗಳಿಸಿದ ಅನುಭವ.

ನನ್ನ ಹಿಂದಿನ ಕಾರು ಗಾಢ ನೀಲಿ ಬಣ್ಣದ್ದು. ಸರ್ವೀಸಿಂಗ್‌ಗೆ ಕೊಟ್ಟಾಗಲೆಲ್ಲ ಕಾರ್ಯಾಗಾರದವರು ‘ರಬ್ಬಿಂಗ್ ಪಾಲಿಶ್’ ಮಾಡಲೇ ಎಂದು ಕೇಳುತ್ತಿದ್ದರು, ನಾನು ಒಪ್ಪುತ್ತಿದ್ದೆ. ಕಾರು ಕನ್ನಡಿಯಂತೆ ಹೊಳೆಯುತ್ತ ಮನೆಗೆ ಬರುತ್ತಿತ್ತು. ಹೀಗೆ ಆರು ವರ್ಷ ನಡೆಯಿತು. ಏಳನೆಯ ವರ್ಷ ಬಾನೆಟ್ಟಿನ ಮೇಲೂ ಛಾವಣಿಯ ಮೇಲೂ ಬಿಳಿಚಿದ ಮಚ್ಚೆಗಳು ಮೂಡಿ, ಮೇಲ್ಪದರ ಸಿಪ್ಪೆಯಂತೆ ಏಳತೊಡಗಿತು. ಮಾರಲು ಹೊರಟಾಗ ಕೊಳ್ಳಲು ಬಂದವರು ಬಣ್ಣದ ದಪ್ಪ ಅಳೆಯುವ ಚಿಕ್ಕ ಯಂತ್ರವನ್ನು ಅಲ್ಲಲ್ಲಿ ಒತ್ತಿ ನೋಡಿ, ಎರಡೂ ಭಾಗಗಳಿಗೆ ಮರುಬಣ್ಣ ಬಳಿಸುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಂಡರು. ಹೊಳಪಿಗೆಂದು ಕೊಟ್ಟ ಹಣವೂ ಹೋಯಿತು, ಹೊಳಪೂ ಹೋಯಿತು. ಈ ನಷ್ಟದ ಕಾರಣವನ್ನು ಹುಡುಕುತ್ತ ಹೋದಾಗ ತಿಳಿದುಬಂದ ವಿಷಯಗಳನ್ನು ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ನಿರೂಪಿಸಿದ್ದೇನೆ.

ಮೂಲ ಬಂಡವಾಳ ಯಾವುದು?

ಇಂದಿನ ಕಾರುಗಳ ಲೋಹದ ಮೇಲೆ ತುಕ್ಕುನಿರೋಧಕ ಪದರ, ಪ್ರೈಮರ್, ಬಣ್ಣ ಹಾಗೂ ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತವೆ. ನಾವು ಕಾಣುವ ಹೊಳಪು ಈ ಕೊನೆಯ ಪದರದ್ದು. ಬಿಸಿಲಿನ ಅತಿನೇರಳೆ ಕಿರಣಗಳಿಂದ ಬಣ್ಣವನ್ನು ಕಾಪಾಡುವ ರಾಸಾಯನಿಕಗಳೂ ಇದರಲ್ಲಿಯೇ ಇರುತ್ತವೆ. ಇದರ ದಪ್ಪ ಸಾಮಾನ್ಯವಾಗಿ 40 ಮೈಕ್ರಾನ್‌ಗಳ ಆಸುಪಾಸು, ಅಂದರೆ ನಾವು ಬರೆಯಲು ಬಳಸುವ ಕಾಗದದ ಒಂದು ಹಾಳೆಯ ಅರ್ಧಕ್ಕಿಂತಲೂ ಕಡಿಮೆ.

ಲೆಕ್ಕಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಈ ಕ್ಲಿಯರ್ ಕೋಟ್ ನಮ್ಮ ಮೂಲ ಬಂಡವಾಳ. ಕಾರ್ಖಾನೆಯಿಂದ ಒಮ್ಮೆ ಬಂದದ್ದು ಮತ್ತೆ ಬೆಳೆಯುವುದಿಲ್ಲ. ಪಾಲಿಶ್ ಎಂಬುದರಲ್ಲಿ ಅತಿ ಸಣ್ಣ ಉಜ್ಜುಕಣಗಳಿರುತ್ತವೆ. ಗೀರಿನ ಸುತ್ತಲಿನ ಕ್ಲಿಯರ್ ಕೋಟನ್ನೇ ಗೀರಿನ ಆಳದವರೆಗೆ ಸವೆಸಿ ಸಮತಟ್ಟಾಗಿಸುವುದೇ ಅದರ ಕೆಲಸ. ರಬ್ಬಿಂಗ್ ಕಾಂಪೌಂಡಿನ ಕಣಗಳು ಇನ್ನೂ ಒರಟು. ಆದ್ದರಿಂದ ಪ್ರತಿಯೊಂದು ಪಾಲಿಶ್ ಬಂಡವಾಳದಿಂದ ಹಣ ಹಿಂತೆಗೆದಂತೆ. ವ್ಯಾಕ್ಸ್ ಹಾಗಲ್ಲ. ಅದು ಏನನ್ನೂ ಸವೆಸದೆ, ಕ್ಲಿಯರ್ ಕೋಟಿನ ಮೇಲೆ ಕುಳಿತು, ನೀರು, ಧೂಳು, ಹಕ್ಕಿಯ ಹಿಕ್ಕೆ, ಮರದ ಅಂಟುಗಳ ಪೆಟ್ಟನ್ನು ತಾನು ತಿಂದು ತೀರಿಹೋಗುವ ಪದರ. ಇದು ವರ್ಷವರ್ಷವೂ ಮಾಡಬೇಕಾದ ಚಾಲ್ತಿ ವೆಚ್ಚ. ಚಾಲ್ತಿ ವೆಚ್ಚ ಮಾಡಿ ಬಂಡವಾಳ ಉಳಿಸಿಕೊಳ್ಳಬೇಕಾದ ಕಡೆ ನಾನು ಬಂಡವಾಳವನ್ನೇ ಕರಗಿಸುತ್ತ ಬಂದಿದ್ದೆ.

ವ್ಯಾಕ್ಸಿನ ಬಗೆಗಳು

ಮಾರುಕಟ್ಟೆಯಲ್ಲಿ ದೊರೆಯುವುದನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಕಾರ್ನೂಬಾ ವ್ಯಾಕ್ಸ್. ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆಯ ಎಲೆಗಳಿಂದ ಈ ಮೇಣವನ್ನು ತೆಗೆಯುತ್ತಾರೆ. ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಇದು ಸಸ್ಯಜನ್ಯ ಮೇಣಗಳಲ್ಲಿ ಅತ್ಯಂತ ಗಟ್ಟಿಯಾದವುಗಳಲ್ಲಿ ಒಂದು. ಶುದ್ಧ ರೂಪದಲ್ಲಿ ಕಲ್ಲಿನಂತಿರುವುದರಿಂದ ಎಣ್ಣೆ, ದ್ರಾವಕ ಮತ್ತು ಇತರ ಮೇಣಗಳನ್ನು ಬೆರೆಸಿಯೇ ಹಚ್ಚಲು ಬರುವಂತೆ ಮಾಡಬೇಕು. ಆದಕಾರಣ ‘ಶೇ. 100ರಷ್ಟು ಕಾರ್ನೂಬಾ’ ಎಂಬ ಬರಹವನ್ನು ಡಬ್ಬಿಯಲ್ಲಿರುವುದೆಲ್ಲವೂ ಕಾರ್ನೂಬಾ ಎಂದು ಓದಬಾರದು. ಅದರಲ್ಲಿರುವ ಮೇಣದ ಅಂಶ ಕಾರ್ನೂಬಾ ಎಂದಷ್ಟೇ ಓದಬೇಕು. ಇದರ ಹೊಳಪಿಗೆ ಒಂದು ಆಳವಿದೆ, ಗಾಢ ಬಣ್ಣಗಳಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಬಾಳಿಕೆ ಕೆಲವು ವಾರಗಳಿಂದ ಹೆಚ್ಚೆಂದರೆ ಎರಡು ತಿಂಗಳು. ನಮ್ಮ ಬೇಸಿಗೆಯಲ್ಲಿ ಬಯಲಲ್ಲಿ ನಿಲ್ಲುವ ಕಾರಿಗೆ ಇನ್ನೂ ಕಡಿಮೆ.

ಎರಡನೆಯದು ಸೀಲಂಟ್ ಅಥವಾ ಸಿಂಥೆಟಿಕ್ ವ್ಯಾಕ್ಸ್. ಇದು ಕಾರ್ಖಾನೆಯಲ್ಲಿ ತಯಾರಾದ ಪಾಲಿಮರ್. ಹೊಳಪಿನಲ್ಲಿ ತುಸು ಹಿಂದೆ ಎಂದು ಬಲ್ಲವರು ಹೇಳುತ್ತಾರೆ. ನನ್ನ ಕಣ್ಣಿಗೆ ಆ ಅಂತರ ಕಂಡಿಲ್ಲ. ಬಾಳಿಕೆ ಮಾತ್ರ ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು.

ಮೂರನೆಯದು ಸಿಲಿಕಾ ಆಧಾರಿತ ಸೆರಾಮಿಕ್ ಕೋಟಿಂಗ್. ಇದು ವರ್ಷಗಟ್ಟಲೆ ಉಳಿಯುತ್ತದೆಂದು ಹೇಳಿ ಹತ್ತಾರು ಸಾವಿರ ರೂಪಾಯಿ ಪಡೆಯುವುದುಂಟು. ಇದನ್ನು ಹಚ್ಚುವ ಮುನ್ನ ಯಂತ್ರದಿಂದ ಪಾಲಿಶ್ ಮಾಡುವ ರೂಢಿ ಇರುವುದರಿಂದ, ಹೊಸ ಕಾರಿನ ಮಾಲೀಕರು ಎಷ್ಟು ಉಜ್ಜುತ್ತಾರೆಂದು ಮೊದಲೇ ಕೇಳಿಕೊಳ್ಳುವುದು ಕ್ಷೇಮ.

ಕಾರು ಕೊಳ್ಳುವಾಗ ಸೂಚಿಸಲಾಗುವ ‘ಟೆಫ್ಲಾನ್ ಕೋಟಿಂಗ್’ ಕುರಿತೂ ಒಂದು ಮಾತು. ಟೆಫ್ಲಾನ್ ಕರಗುವುದು 327 ಡಿಗ್ರಿಯಲ್ಲಿ. ಬಾಣಲೆಗೆ ಅದನ್ನು ಕೂರಿಸಲು ಅದಕ್ಕಿಂತಲೂ ಹೆಚ್ಚು ಶಾಖ ಕೊಡುತ್ತಾರೆ. ಕಾರಿನ ಬಣ್ಣ ಅಂಥ ಶಾಖವನ್ನು ತಾಳದು. ಆದ್ದರಿಂದ ಆ ಹೆಸರಿನಲ್ಲಿ ಹಚ್ಚಿದ್ದನ್ನು ಬಾಣಲೆಯ ಲೇಪದಂತೆ ಭಾವಿಸದೆ, ಒಂದು ಬಗೆಯ ಸೀಲಂಟ್ ಎಂದೇ ತಿಳಿದು ಬೆಲೆ ಕಟ್ಟಬೇಕು.

ವಿದೇಶಿ ಡಬ್ಬಿ ಏಕೆ ದುಬಾರಿ?

ಕಾರ್ನೂಬಾ ಮೇಣದ ತವರು ಒಂದೇ. ಅಮೆರಿಕದ ಡಬ್ಬಿಗೂ ಸ್ವಿಟ್ಜರ್‌ಲೆಂಡಿನ ಡಬ್ಬಿಗೂ ನಮ್ಮ ದೇಶದ ಡಬ್ಬಿಗೂ ಅದು ಬ್ರೆಜಿಲ್‌ನಿಂದಲೇ ಬರಬೇಕು. ಬೆಲೆಯ ಅಂತರಕ್ಕೆ ಮಿಶ್ರಣದ ಗುಣಮಟ್ಟ ಒಂದು ಕಾರಣವಾದರೆ, ಸಾಗಣೆ, ಆಮದುದಾರರ ಲಾಭಾಂಶ, ಹೆಸರಿನ ಪ್ರತಿಷ್ಠೆ ಮತ್ತು ಸೀಮಾ ಸುಂಕ ಉಳಿದ ಕಾರಣಗಳು. ಆಮದಿನ ವೇಳೆ ತೆತ್ತ ಸಮಗ್ರ ಜಿಎಸ್‌ಟಿಯನ್ನು ಆಮದುದಾರರು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಮೂಲ ಸೀಮಾ ಸುಂಕಕ್ಕೆ ಆ ಸೌಲಭ್ಯವಿಲ್ಲ. ಅದು ವಸ್ತುವಿನ ಅಸಲಿಗೆ ಸೇರಿ, ಅದರ ಮೇಲೆ ಲಾಭಾಂಶವೂ ಕೂಡಿ, ಕೊನೆಗೆ ಗ್ರಾಹಕರ ತಲೆಯ ಮೇಲೆ ಬರುತ್ತದೆ.

ವಿದೇಶಿ ಎಂಬುದೆಲ್ಲವೂ ಒಂದೇ ವರ್ಗವಲ್ಲ ಎಂಬುದನ್ನೂ ಗಮನಿಸಬೇಕು. ಮೆಗ್ವಾಯರ್ಸ್, ಟರ್ಟಲ್ ವ್ಯಾಕ್ಸ್, ಜಪಾನಿನ ಸಾಫ್ಟ್99 ಮುಂತಾದವು ಮಧ್ಯಮ ಬೆಲೆಯಲ್ಲಿಯೂ ದೊರೆಯುತ್ತವೆ. ಸ್ವಿಸ್‌ವ್ಯಾಕ್ಸ್, ಜೈಮಾಲ್‌ನಂಥವು ಪ್ರದರ್ಶನದ ಕಾರುಗಳ ಮಾಲೀಕರನ್ನೂ ಹವ್ಯಾಸಿಗಳನ್ನೂ ಉದ್ದೇಶಿಸಿದ ದುಬಾರಿ ವಸ್ತುಗಳು.

ಲೆಕ್ಕ ಹಾಕಿ ನೋಡೋಣ

ಡಬ್ಬಿಯ ಬೆಲೆಗಿಂತ ಒಂದು ವರ್ಷದ ರಕ್ಷಣೆಗೆ ತಗಲುವ ಒಟ್ಟು ವೆಚ್ಚವೇ ಸರಿಯಾದ ಅಳತೆಗೋಲು. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಊಹಿಸಿಕೊಂಡವು. ಸದಸ್ಯರು ತಾವು ಕೊಟ್ಟ ಬೆಲೆಯನ್ನು ಅವುಗಳ ಜಾಗದಲ್ಲಿ ಇಟ್ಟುಕೊಳ್ಳಬಹುದು. ಪ್ರತಿ ಸಲ ತೊಳೆದು ಹಚ್ಚಿಸುವ ಕೂಲಿ ರೂ. 500 ಎಂದಿಟ್ಟುಕೊಳ್ಳೋಣ.

ಅ) ಸಾಧಾರಣ ಕಾರ್ನೂಬಾ: ಡಬ್ಬಿಗೆ ರೂ. 600, ಹತ್ತು ಸಲಕ್ಕೆ ಸಾಕು. ಒಂದು ಲೇಪಕ್ಕೆ ರೂ. 60. ಬಾಳಿಕೆ ಒಂದೂವರೆ ತಿಂಗಳು, ವರ್ಷಕ್ಕೆ 8 ಲೇಪ. ವಸ್ತುವಿಗೆ ರೂ. 480, ಕೂಲಿ ರೂ. 4,000, ಒಟ್ಟು ರೂ. 4,480.

ಆ) ದುಬಾರಿ ವಿದೇಶಿ ಕಾರ್ನೂಬಾ: ಡಬ್ಬಿಗೆ ರೂ. 6,000, ಹತ್ತು ಸಲಕ್ಕೆ ಸಾಕು. ಒಂದು ಲೇಪಕ್ಕೆ ರೂ. 600. ಬಾಳಿಕೆ ಎರಡು ತಿಂಗಳು, ವರ್ಷಕ್ಕೆ 6 ಲೇಪ. ವಸ್ತುವಿಗೆ ರೂ. 3,600, ಕೂಲಿ ರೂ. 3,000, ಒಟ್ಟು ರೂ. 6,600.

ಇ) ಮಧ್ಯಮ ಬೆಲೆಯ ಸೀಲಂಟ್: ಬಾಟಲಿಗೆ ರೂ. 1,600, ಹದಿನಾರು ಸಲಕ್ಕೆ ಸಾಕು. ಒಂದು ಲೇಪಕ್ಕೆ ರೂ. 100. ಬಾಳಿಕೆ ನಾಲ್ಕು ತಿಂಗಳು, ವರ್ಷಕ್ಕೆ 3 ಲೇಪ. ವಸ್ತುವಿಗೆ ರೂ. 300, ಕೂಲಿ ರೂ. 1,500, ಒಟ್ಟು ರೂ. 1,800.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಸಾಧಾರಣ ಬೆಲೆಯ ವಸ್ತುಗಳಲ್ಲಿ ಖರ್ಚಿನ ಬಹುಪಾಲು ಕೂಲಿಯೇ ಹೊರತು ಮೇಣವಲ್ಲ. ಆದ್ದರಿಂದ ಬಾಳಿಕೆ ಹೆಚ್ಚಿದಷ್ಟೂ ಉಳಿತಾಯ. ಎರಡನೆಯದಾಗಿ, ‘ಸ್ವದೇಶಿಯೋ ವಿದೇಶಿಯೋ’ ಎಂಬುದಕ್ಕಿಂತ ‘ಯಾವ ಬಗೆಯದು’ ಎಂಬ ಪ್ರಶ್ನೆಯೇ ಮುಖ್ಯ. ಮಧ್ಯಮ ಬೆಲೆಯ ಸೀಲಂಟ್ ವಿದೇಶದ್ದಾದರೂ ಕೊಳ್ಳಲು ಯೋಗ್ಯ. ಹತ್ತು ಪಟ್ಟು ಬೆಲೆಯ ಕಾರ್ನೂಬಾ ಹತ್ತು ಪಟ್ಟು ಕಾಲ ಬಾಳುವುದಿಲ್ಲ. ಹಳೆಯ ಕಾರುಗಳ ಸಂಗ್ರಹವಿರುವವರಿಗೆ, ಭಾನುವಾರ ತಾವೇ ಹಚ್ಚಿ ಸಂತೋಷಪಡುವವರಿಗೆ ಅದು ಹವ್ಯಾಸದ ವೆಚ್ಚವಾಗಿ ಸಲ್ಲಬಹುದು. ವ್ಯವಹಾರದ ವೆಚ್ಚವಾಗಿ ಸಮರ್ಥಿಸುವುದು ಕಷ್ಟ.

ಆಮದು ವಸ್ತು ಕೊಳ್ಳುವವರು ಪೊಟ್ಟಣದ ಮೇಲೆ ಆಮದುದಾರರ ಹೆಸರು-ವಿಳಾಸ, ಮೂಲ ದೇಶ, ನಿವ್ವಳ ಪ್ರಮಾಣ ಹಾಗೂ ಎಲ್ಲ ತೆರಿಗೆಗಳು ಸೇರಿದ ಗರಿಷ್ಠ ಮಾರಾಟ ಬೆಲೆ ಇವೆಯೇ ಎಂದು ನೋಡಬೇಕು. 2011ರ ಪೊಟ್ಟಣ ಸಾಮಗ್ರಿಗಳ ಕಾನೂನು ಮಾಪನ ನಿಯಮಗಳಂತೆ ಇವು ಇರತಕ್ಕದ್ದು. ಇವಿಲ್ಲದ ಡಬ್ಬಿಯನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಮುಟ್ಟದಿರುವುದು ಲೇಸು.

ಲೇಪಿಸುವ ಕ್ರಮ

ಉತ್ತಮ ವ್ಯಾಕ್ಸನ್ನು ಕೆಟ್ಟ ಕ್ರಮದಲ್ಲಿ ಹಚ್ಚುವುದಕ್ಕಿಂತ ಸಾಧಾರಣ ವ್ಯಾಕ್ಸನ್ನು ಒಳ್ಳೆಯ ಕ್ರಮದಲ್ಲಿ ಹಚ್ಚುವುದು ಮೇಲು. ಈ ಕೆಳಗಿನ ಅಂಶಗಳನ್ನು ಚಾಲಕರಿಗೂ ತಿಳಿಸಿ ಹೇಳುವುದು ಒಳಿತು.

1. ಧೂಳನ್ನು ಒಣ ಬಟ್ಟೆಯಿಂದ ಒರೆಸಬಾರದು. ಮುಂಜಾನೆ ಒಂದೇ ಬಕೆಟ್ ನೀರು, ಒಂದೇ ಬಟ್ಟೆಯಿಂದ ಸಾಲು ಕಾರುಗಳನ್ನು ಒರೆಸುವ ಪದ್ಧತಿಯಿಂದಲೇ ಜೇಡರ ಬಲೆಯಂಥ ಸೂಕ್ಷ್ಮ ಗೀರುಗಳು ಮೂಡುತ್ತವೆ. ಮೊದಲು ನೀರು ಹಾಯಿಸಿ ಮಣ್ಣನ್ನು ಇಳಿಸಬೇಕು.

2. ಕಾರಿನ ಶಾಂಪೂವಿನಿಂದ ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ಬಟ್ಟೆ ಅಥವಾ ಪಾತ್ರೆ ತೊಳೆಯುವ ಸಾಬೂನು ಹಚ್ಚಿದ ವ್ಯಾಕ್ಸನ್ನೂ ಕಿತ್ತು ಹಾಕುತ್ತದೆ. ಶಾಂಪೂ ನೀರಿಗೊಂದು, ಬಟ್ಟೆ ಹಿಂಡಲು ಇನ್ನೊಂದು ಬಕೆಟ್ ಇರಲಿ.

3. ಬೋರ್‌ವೆಲ್‌ನ ಗಡಸು ನೀರು ಆರಿದರೆ ಸುಣ್ಣದ ಕಲೆ ಉಳಿಯುತ್ತದೆ. ಆದ್ದರಿಂದ ತೊಳೆದ ಕೂಡಲೇ ಮೈಕ್ರೋಫೈಬರ್ ಬಟ್ಟೆಯಿಂದ ನೀರನ್ನು ಹೀರಿಸಬೇಕು.

4. ತೊಳೆದ ಮೇಲೂ ಕೈಗೆ ಒರಟಾಗಿ ತಾಗಿದರೆ ಕ್ಲೇ ಬಾರ್ ಎಂಬ ಜಿಗುಟು ಉಂಡೆಯನ್ನು ಅದರ ದ್ರವದೊಡನೆ ಮೆಲ್ಲನೆ ಆಡಿಸಿ ಅಂಟಿದ ಕಣಗಳನ್ನು ತೆಗೆಯಬೇಕು. ಉಂಡೆ ನೆಲಕ್ಕೆ ಬಿದ್ದರೆ ಮತ್ತೆ ಬಳಸಬಾರದು.

5. ಕಾರು ನೆರಳಿನಲ್ಲಿರಬೇಕು, ಬಾನೆಟ್ ತಣ್ಣಗಿರಬೇಕು. ಒಂದು ಸಲಕ್ಕೆ ಒಂದು ಭಾಗಕ್ಕೆ ಮಾತ್ರ, ಸ್ಪಂಜಿನಿಂದ ಸಾಧ್ಯವಾದಷ್ಟು ತೆಳುವಾಗಿ ಹಚ್ಚಬೇಕು. ದಪ್ಪ ಹಚ್ಚಿದರೆ ರಕ್ಷಣೆ ಹೆಚ್ಚುವುದಿಲ್ಲ. ಒರೆಸುವ ಶ್ರಮವೂ ವಸ್ತುವಿನ ಖರ್ಚೂ ಹೆಚ್ಚುತ್ತವೆ.

6. ಡಬ್ಬಿಯ ಮೇಲೆ ಸೂಚಿಸಿದಷ್ಟು ಹೊತ್ತು ಬಿಟ್ಟು, ಮಬ್ಬು ಮೂಡಿದ ನಂತರ ಸ್ವಚ್ಛವಾದ ಬೇರೆ ಬಟ್ಟೆಯಿಂದ ಒರೆಸಬೇಕು. ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆ ತಗಲಿದರೆ ಬಿಳಿಯ ಕಲೆ ಉಳಿಯುತ್ತದೆ.

7. ಹೊಸ ಕಾರಿನ ಬಣ್ಣವನ್ನು ಕಾರ್ಖಾನೆಯಲ್ಲಿಯೇ ಕಾಯಿಸಿರುವುದರಿಂದ ಮೊದಲ ದಿನದಿಂದಲೇ ವ್ಯಾಕ್ಸ್ ಹಚ್ಚಬಹುದು. ಗ್ಯಾರೇಜಿನಲ್ಲಿ ಮರುಬಣ್ಣ ಮಾಡಿಸಿದ್ದರೆ ಒಂದೆರಡು ತಿಂಗಳು ಕಾಯಬೇಕು.

ಮತ್ತೆ ಹಚ್ಚುವ ಕಾಲ ಬಂದಿದೆಯೇ ಎಂದು ತಿಳಿಯಲು ತೊಳೆದ ಕಾರಿನ ಮೇಲೆ ನೀರು ಚಿಮುಕಿಸಿದರೆ ಸಾಕು. ಹನಿಗಳು ಕೆಸುವಿನ ಎಲೆಯ ಮೇಲಿನಂತೆ ದುಂಡಗೆ ನಿಂತರೆ ವ್ಯಾಕ್ಸ್ ಉಳಿದಿದೆ; ನೀರು ಹರಡಿ ನಿಂತರೆ ಮುಗಿದಿದೆ. ನಮ್ಮ ಹವೆಗೆ ಬೇಸಿಗೆಯ ಆರಂಭ, ಮಳೆಗಾಲಕ್ಕೆ ಮುಂಚೆ ಮತ್ತು ದೀಪಾವಳಿಯ ಹೊತ್ತಿಗೆ, ಹೀಗೆ ವರ್ಷಕ್ಕೆ ಮೂರು ಸಲ ಸೀಲಂಟ್ ಹಚ್ಚಿದರೆ ಸಾಕಾಗುತ್ತದೆ.

ತೆರಿಗೆಯ ದೃಷ್ಟಿಯಿಂದ

ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಗಳ ಸರ್ವೀಸಿಂಗ್, ದುರಸ್ತಿ ಹಾಗೂ ನಿರ್ವಹಣಾ ಸೇವೆಗಳ ಮೇಲಿನ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಸಾಮಾನ್ಯವಾಗಿ ಲಭ್ಯವಿಲ್ಲ. 2019ರ ಫೆಬ್ರುವರಿ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಇದನ್ನು ಸ್ಪಷ್ಟಪಡಿಸಲಾಗಿದೆ. ವಾಹನ ಮಾರಾಟಗಾರರು, ಪ್ರಯಾಣಿಕ ಸಾಗಣೆದಾರರು, ಚಾಲನಾ ತರಬೇತಿ ಶಾಲೆಗಳು ಇದಕ್ಕೆ ಹೊರತು. ಆದ್ದರಿಂದ ಉಳಿದ ಸದಸ್ಯರು ಕೋಟಿಂಗ್ ಬಿಲ್ಲಿನ ತೆರಿಗೆಯನ್ನೂ ಖರ್ಚಿಗೇ ಸೇರಿಸಿ ಲೆಕ್ಕ ಹಾಕಬೇಕು. ಕಾರು ಭಾಗಶಃ ಮನೆಯ ಬಳಕೆಗೂ ಇದ್ದರೆ ಆದಾಯ ತೆರಿಗೆಯಲ್ಲಿ ಅಷ್ಟು ಪಾಲನ್ನು ವ್ಯವಹಾರದ ವೆಚ್ಚದಿಂದ ಕಳೆಯಬೇಕಾಗುತ್ತದೆ. ಪುಸ್ತಕದಲ್ಲಿ ಬರೆಯುವ ಸವಕಳಿ ಕಾರು ಹೊಳೆಯಲಿ ಮಾಸಲಿ ಒಂದೇ; ಮಾರುವ ದಿನ ಕೈಗೆ ಬರುವ ಹಣ ಮಾತ್ರ ಒಂದೇ ಅಲ್ಲ.

ನಮ್ಮ ಕಕ್ಷಿದಾರರಿಗೆ ನಾನು ಕೊಟ್ಟ ಉತ್ತರ ಇಷ್ಟೇ: ಕೊಂಡ ಡಬ್ಬಿಯನ್ನು ತೆಳುವಾಗಿ ಹಚ್ಚಿ ಪೂರ್ತಿ ಬಳಸಿರಿ, ಮುಂದಿನ ಸಲ ಮಧ್ಯಮ ಬೆಲೆಯ ಸೀಲಂಟ್ ಕೊಳ್ಳಿರಿ, ಗೀರು ಎದ್ದು ಕಾಣುವವರೆಗೆ ಪಾಲಿಶ್ ಮಾತೇ ಬೇಡ. ಈಗಿನ ನನ್ನ ಕಾರಿಗೂ ಇದೇ ಕ್ರಮ. ಸರ್ವೀಸಿಂಗ್‌ಗೆ ಕೊಡುವಾಗ ‘ರಬ್ಬಿಂಗ್ ಪಾಲಿಶ್ ಬೇಡ’ ಎಂದು ಜಾಬ್ ಕಾರ್ಡಿನ ಮೇಲೆ ಬರೆಸಿಯೇ ಸಹಿ ಹಾಕುತ್ತೇನೆ. ಸದಸ್ಯರೂ ಹಾಗೆಯೇ ಮಾಡಬೇಕೆಂದು ವಿನಂತಿ.