ಮಂಜೀರೆಯ ಕಲ್ಲಿಗೆ ಒಂದು ತಿಂಗಳ ಸಾಣೆ

ಹೈದರಾಬಾದಿನ ನಮ್ಮ ಮನೆಯ ಬಾಲ್ಕನಿಯಲ್ಲಿ ಸಣ್ಣ ತೆಂಗಿನಕಾಯಿ ಗಾತ್ರದ ರಬ್ಬರ್ ಡಬ್ಬಿಯೊಂದು ಇಪ್ಪತ್ತೆರಡು ದಿನದಿಂದ ತಿರುಗುತ್ತಲೇ ಇದೆ. ಒಳಗಿರುವುದು ಬೀದರಿನಿಂದ ಬರುವಾಗ ಮಂಜೀರೆಯ ದಂಡೆಯಲ್ಲಿ ಹೆಕ್ಕಿದ ನಾಲ್ಕಾರು ಹಿಡಿ ಕಲ್ಲು, ನೀರು, ಒಂದಿಷ್ಟು ಬೂದು ಪುಡಿ. "ಇದೇನ್ರಿ, ರಾತ್ರಿಯೆಲ್ಲ ಯಾರೋ ಹಲ್ಲು ಕಡಿದಂಗೆ!" ಎಂದು ಮೊದಲ ವಾರ ಮನೆಯವಳು ರೇಗಿದ್ದಳು. ಈಗ ಕರೆಂಟು ಹೋಗಿ ಅದು ನಿಂತರೆ ಇಬ್ಬರಿಗೂ ಎಚ್ಚರವಾಗುತ್ತದೆ.

ಇದಕ್ಕೆ ರಾಕ್ ಟಂಬ್ಲರ್ ಎನ್ನುತ್ತಾರೆ. ನದಿ ಮಾಡುವ ಕೆಲಸವನ್ನೇ ಇದು ಮುಂದುವರಿಸುತ್ತದೆ. ನದಿ ಕಲ್ಲಿನ ಮೂಲೆ ಸವೆಸಿ ಗುಂಡಗೆ ಮಾಡುತ್ತದೆ, ಹೊಳಪು ಮಾತ್ರ ಕೊಡುವುದಿಲ್ಲ. ನೀರಲ್ಲಿ ಮಿನುಗಿದ ಕಲ್ಲು ಜೇಬಿನಲ್ಲಿ ಒಣಗಿ ಮಂಕಾಗುವ ನಿರಾಸೆ ಯಾವ ಮಗುವಿಗೆ ಗೊತ್ತಿಲ್ಲ? ಕಲ್ಲಿನ ಮೈಮೇಲಿನ ಕಣ್ಣಿಗೆ ಕಾಣದ ಗೀರುಗಳನ್ನು ನೀರು ತುಂಬಿದ್ದರಿಂದ ಆ ಮಿನುಗು. ನೀರು ಆರಿದರೆ ಅದೂ ಆರಿತು. ಗೀರುಗಳನ್ನೇ ಅಳಿಸಿಬಿಟ್ಟರೆ ಒಣಗಲ್ಲೂ ಒದ್ದೆಯ ಹಾಗೆ ಹೊಳೆಯುತ್ತದೆ. ಟಂಬ್ಲರಿನ ಕೆಲಸ ಇಷ್ಟೇ.

ಹೈದರಾಬಾದು ನಿಂತಿರುವುದು ಸುಮಾರು 250 ಕೋಟಿ ವರ್ಷದ ಗ್ರಾನೈಟಿನ ಮೇಲೆ. ಬಂಜಾರಾ ಹಿಲ್ಸಿನ ಬಂಡೆಗಳನ್ನು ನೋಡಿ ಹೊಸಬರು ಮೊದಲು ಅದೇ ಚೂರನ್ನು ಡಬ್ಬಿಗೆ ಹಾಕುತ್ತಾರೆ, ನಾನೂ ಹಾಕಿದ್ದೆ. ಬರುವುದು ಗುಳಿಬಿದ್ದ ಉಂಡೆ. ಗ್ರಾನೈಟಿನಲ್ಲಿ ಬೆಣಚು ಗಟ್ಟಿ, ಫೆಲ್ಡ್‌ಸ್ಪಾರ್ ಅದಕ್ಕಿಂತ ತುಸು ಮೆದು, ನಾವು ಕಾಗೆಬಂಗಾರ ಎನ್ನುವ ಅಭ್ರಕವಂತೂ ಉಗುರಿನಷ್ಟೇ ಮೆದು. ಅಭ್ರಕ ಮೊದಲು ಸವೆದು ಹೋಗಿ ಅದರ ಜಾಗ ಖಾಲಿ ಉಳಿಯುತ್ತದೆ. ನೆಲಕ್ಕೆ ಹಾಸುವ ತಾಂಡೂರು, ಶಹಾಬಾದ್ ಕಲ್ಲುಗಳೂ ಬೇಡ. ಅವು ಸುಣ್ಣದ ಕಲ್ಲು, ಗಟ್ಟಿಕಲ್ಲಿನ ಜೊತೆ ಹಾಕಿದರೆ ಕೆಸರಾಗಿ ಮುಗಿಯುತ್ತವೆ.

ನಮಗೆ ಬೇಕಾದ ಕಲ್ಲು ಪಶ್ಚಿಮದಿಂದ ಬರುತ್ತದೆ. ಮಹಾರಾಷ್ಟ್ರದ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟಿ ಬೀದರ್ ಜಿಲ್ಲೆಯನ್ನು ಹಾದು ಬರುವ ಮಂಜೀರೆ, ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾದ ಕರಿಕಲ್ಲನ್ನು ಕೊರೆದು ಬರುತ್ತಾಳೆ. ಆ ಕರಿಕಲ್ಲಿನ ಗುಳ್ಳೆಗಳಲ್ಲಿ ಕೂತು ಗಟ್ಟಿಯಾದದ್ದೇ ಅಗೇಟ್, ಚಾರ್‌ಮಿನಾರಿನ ಸುತ್ತ ಉಂಗುರಕ್ಕೆ ಕೂರಿಸುವ ಅಕೀಕ್. ಬೆಣಚಿನ ಜಾತಿಯದೇ ಆದ ಇದರ ಗಟ್ಟಿತನ ಮೋಸ್ ಅಳತೆಯಲ್ಲಿ 7ರ ಆಸುಪಾಸು, ಮೈಯೆಲ್ಲ ಒಂದೇ ಸಮ. ಟಂಬ್ಲರಿಗೆ ಹೇಳಿ ಮಾಡಿಸಿದ ಕಲ್ಲು. (ಸಂಗಾರೆಡ್ಡಿ ಬಳಿಯ ಮಂಜೀರಾ ವನ್ಯಧಾಮಕ್ಕೆ ಮಾತ್ರ ಕಲ್ಲು ಹೆಕ್ಕಲು ಇಳಿಯಬೇಡಿ. ಅದು ಮೊಸಳೆಗಳ ಮನೆ.)

ಇದು ಅಮೆರಿಕದಿಂದ ಬಂದ ಶೋಕಿ ಎನ್ನುವವರಿಗೆ ಒಂದು ಮಾತು. ಗುಜರಾತಿನ ಖಂಭಾತದ ಕುಶಲಕರ್ಮಿಗಳು ಅಕೀಕ್ ಮಣಿಗಳನ್ನು ಪುಡಿ, ನೀರಿನೊಂದಿಗೆ ಚರ್ಮದ ಚೀಲಕ್ಕೆ ತುಂಬಿ, ಇಬ್ಬರು ಎದುರುಬದುರು ಕೂತು ದಿನಗಟ್ಟಲೆ ಅತ್ತಿತ್ತ ಉರುಳಿಸುತ್ತಿದ್ದರು. ಒಂದು ಕಾಲದಲ್ಲಿ ಇದೇ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ರಾಯಚೂರಿನ ಮಸ್ಕಿಯಲ್ಲಿ, 1954ರ ಉತ್ಖನನದಲ್ಲಿ ಅಗೇಟ್, ಕಾರ್ನೀಲಿಯನ್ ಮಣಿಗಳು ಸಿಕ್ಕಿವೆ. ನಮ್ಮ ಹಿಂದಿನವರು ಮೋಟಾರಿಲ್ಲದೆ ಮಾಡಿದ್ದನ್ನು ನಾವು ಮೋಟಾರಿಟ್ಟು ಮಾಡುತ್ತಿದ್ದೇವೆ, ಅಷ್ಟೇ.

ಹಾಗಾದರೆ ಯಂತ್ರ ಕೊಳ್ಳುವಾಗ ನೋಡಬೇಕಾದ್ದು ಆ ಮೋಟಾರನ್ನೇ. ಅದು ಮಿಕ್ಸಿಯ ಹಾಗೆ ಎರಡು ನಿಮಿಷ ಕೂಗಿ ನಿಲ್ಲುವಂಥದಲ್ಲ, ತಿಂಗಳಿಡೀ ಹಗಲೂ ರಾತ್ರಿ ಓಡಬೇಕು. ಮೋಟಾರಿನ ತಗಡಿನ ಮೇಲೆ ಎಸ್1 ಎಂದು ಬರೆದಿದ್ದರೆ ಬಿಡುವಿಲ್ಲದೆ ಓಡಲು ಮಾಡಿದ್ದು ಎಂದರ್ಥ. ದೊಡ್ಡದೇನೂ ಬೇಡ, 25 ವ್ಯಾಟ್‌ನದಾದರೆ ತಿಂಗಳಿಗೆ 18 ಯೂನಿಟ್ ಖರ್ಚು. ಮೇ ತಿಂಗಳ ಬಿಸಿಲಲ್ಲಿ ಬಾಲ್ಕನಿಯೇ ಒಲೆಯಾಗುವ ಊರಿದು, ಆದ್ದರಿಂದ ಮೋಟಾರಿಗೆ ಗಾಳಿಯಾಡುವ ಕಿಂಡಿ ಇದೆಯೇ ಎಂದೂ ನೋಡಿ.

ಅಮೆರಿಕದ ನೆಂಟರು ಪೆಟ್ಟಿಗೆಯಲ್ಲಿ ತಂದುಕೊಡುವ ಯಂತ್ರದ ವಿಚಾರದಲ್ಲಿ ಹುಷಾರು. ಅದು 110 ವೋಲ್ಟಿನದು. ಟ್ರಾನ್ಸ್‌ಫಾರ್ಮರ್ ಇಟ್ಟರೆ ವೋಲ್ಟೇಜು ಇಳಿಯುತ್ತದೆ, ಕರೆಂಟಿನ ಸೈಕಲ್ಲು (ಹರ್ಟ್ಜ್) ಬದಲಾಗುವುದಿಲ್ಲ. ಅಲ್ಲಿ 60, ಇಲ್ಲಿ 50. ಡಬ್ಬಿಯ ವೇಗ ಆರರಲ್ಲೊಂದು ಪಾಲು ಕುಸಿಯುತ್ತದೆ, ಮೋಟಾರೂ ಹೆಚ್ಚು ಕಾಯುತ್ತದೆ.

ವೇಗದ ಲೆಕ್ಕ ನನಗೆ ತುಂಬ ಇಷ್ಟ. ಡಬ್ಬಿ ಬಹಳ ಜೋರಾಗಿ ತಿರುಗಿದರೆ ಕಲ್ಲುಗಳು ಗೋಡೆಗಂಟಿಕೊಂಡು ಸುತ್ತುತ್ತವೆ, ಒಂದಕ್ಕೊಂದು ಉಜ್ಜುವುದೇ ಇಲ್ಲ. ಹನ್ನೆರಡು ಸೆಂಟಿಮೀಟರ್ ಅಗಲದ ಡಬ್ಬಿಗೆ ಆ ಮಿತಿ ನಿಮಿಷಕ್ಕೆ ಸುಮಾರು 120 ಸುತ್ತು. ಅದರ ಅರ್ಧದ ಹತ್ತಿರ ಓಡಿದರೆ ಕಲ್ಲುಗಳು ಗೋಡೆ ಹತ್ತಿ, ಗುಡ್ಡ ಜರಿದ ಹಾಗೆ ಮೆಲ್ಲಗೆ ಜಾರುತ್ತವೆ. ಆ ಜಾರಿಕೆಯಲ್ಲೇ ಸವೆತ. ಜಾರಿಕೆಗೆ ಜಾಗ ಉಳಿಯಬೇಕಾದ್ದರಿಂದ ಡಬ್ಬಿ ಮುಕ್ಕಾಲಿಗಿಂತ ಹೆಚ್ಚು ತುಂಬಬಾರದು, ಅರ್ಧಕ್ಕಿಂತ ಕಡಿಮೆಯೂ ಆಗಬಾರದು.

ಡಬ್ಬಿ ರಬ್ಬರಿನದೇ ಇರಲಿ. ಪ್ಲಾಸ್ಟಿಕ್ ಅಗ್ಗ, ಆದರೆ ಅದರ ಸದ್ದಿಗೆ ಪಕ್ಕದ ಫ್ಲಾಟಿನವರು ಬಾಗಿಲು ಬಡಿಯುತ್ತಾರೆ. ಒಂದೂವರೆ ಕಿಲೋ ಹಿಡಿಯುವ ಡಬ್ಬಿ ಹೊಸಬರಿಗೆ ಧಾರಾಳ. ಕಂಪನದಿಂದ ಕೆಲಸ ಮಾಡುವ ಯಂತ್ರಗಳೂ ಇವೆ. ಬೇಗ ಮುಗಿಸುತ್ತವೆ, ಆದರೆ ಒಡ್ಡೊಡ್ಡಾದ ಕಲ್ಲನ್ನು ಗುಂಡಗೆ ಮಾಡುವುದಿಲ್ಲ. ಇನ್ನು ಬೆಲ್ಟು. ಅದು ಹರಿದೇ ಹರಿಯುತ್ತದೆ. ಸಿಕಂದರಾಬಾದಿನ ರಾಣಿಗಂಜಿನ ಅಂಗಡಿಗಳಲ್ಲಿ ಅದೇ ಅಳತೆಯ ಬೆಲ್ಟು, ಬೇರಿಂಗು ಸಿಗುವಂಥ ಯಂತ್ರವೇ ನನ್ನ ಮಟ್ಟಿಗೆ ನಂಬಿಕೆಯ ಯಂತ್ರ, ಅದರ ಹೆಸರು ಎಷ್ಟೇ ಸಣ್ಣದಿರಲಿ.

ಆಮೇಲೆ ಉಳಿಯುವುದು ತಾಳ್ಮೆ. ಮೊದಲ ವಾರ 60/90 ನಂಬರಿನ ಸಿಲಿಕಾನ್ ಕಾರ್ಬೈಡ್ ಪುಡಿ ಮೂರು ನಾಲ್ಕು ದೊಡ್ಡ ಚಮಚ, ಕಲ್ಲಿನ ಮೇಲ್ಪದರ ಮುಟ್ಟುವಷ್ಟು ನೀರು. ಉಪ್ಪುಕಾಗದದ ಹಾಗೇ ಇಲ್ಲೂ ನಂಬರು ದೊಡ್ಡದಾದಷ್ಟು ಪುಡಿ ನಯ. ಎರಡನೆಯ ವಾರ 120/220, ಮೂರನೆಯ ವಾರ 500, ಕೊನೆಗೆ ಅಲ್ಯೂಮಿನಿಯಂ ಆಕ್ಸೈಡಿನ ಪಾಲಿಶ್ ಪುಡಿ. ಮೊದಲ ಹಂತದಲ್ಲಿ ಕಲ್ಲು ಗುಂಡಗಾಗದಿದ್ದರೆ ಇನ್ನೊಂದು ವಾರ ಅದನ್ನೇ ಓಡಿಸಿ. ಅಲ್ಲಿ ಉಳಿದ ಕುಳಿಯನ್ನು ಮುಂದಿನ ಯಾವ ಪುಡಿಯೂ ತೆಗೆಯಲಾರದು. ಡಬ್ಬಿಯೊಳಗೆ ಗಾಳಿ ಕಟ್ಟಿ ಮುಚ್ಚಳ ಉಬ್ಬುವುದುಂಟು, ದಿನಕ್ಕೊಮ್ಮೆ ತೆರೆದು ಮುಚ್ಚಿ.

ಹಂತ ಬದಲಿಸುವಾಗ ಕಲ್ಲು, ಡಬ್ಬಿ, ಮುಚ್ಚಳದ ಸಂದು ಎಲ್ಲವನ್ನೂ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆಯಬೇಕು. ಒಮ್ಮೆ ಅವಸರದಲ್ಲಿ ಸಂದು ತೊಳೆಯದೆ ಬಿಟ್ಟೆ. ಅಲ್ಲಿ ಅಡಗಿದ್ದ ಒರಟು ಪುಡಿಯ ಕಾಳುಗಳು ಮೂರನೆಯ ವಾರವನ್ನೆಲ್ಲ ನೀರಿನಲ್ಲಿ ಹೋಮ ಮಾಡಿದವು. ಮರಳಿ ಎರಡನೆಯ ಹಂತಕ್ಕೆ ಹೋದೆ.

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಹೋಗುವಾಗ ಜೇಬಿನಲ್ಲಿ ಎರಡು ಕಲ್ಲು ಇಟ್ಟುಕೊಂಡು ಹೋಗುವುದು ಈಗ ನನ್ನ ಚಾಳಿ. ನೋಡಿದವರು ಮೊದಲು ಕೇಳುವುದು "ಮೇಲೆ ಏನು ಬಳಿದಿದ್ದೀರಿ?" ಎಂದು. ಏನೂ ಬಳಿದಿಲ್ಲ.

ನೀವೂ ಶುರುಮಾಡುವುದಾದರೆ ಒಂದೇ ವಿನಂತಿ: ತೊಳೆದ ಕೆಸರುನೀರನ್ನು ಅಡುಗೆಮನೆಯ ಸಿಂಕಿಗೆ ಸುರಿಯಬೇಡಿ. ಪೈಪಿನಲ್ಲಿ ಅದು ಸಿಮೆಂಟಿನ ಹಾಗೆ ಕೂರುತ್ತದೆ. ಬಕೆಟ್ಟಿನಲ್ಲಿ ತಂಗಲು ಬಿಟ್ಟು, ತಿಳಿ ಬಸಿದು, ಒಣಗಿದ ಗಸಿಯನ್ನು ಕಸದ ಬುಟ್ಟಿಗೆ ಹಾಕಿ.