ಗೆರೆಯಿದ್ದ ಗೋಡೆಗೆ ಒಂದು ಕೌದಿ

'ಕ್ಯಾಮೆರಾ ಆನ್ ಇರಬೇಕು.' ಬಂದಿದ್ದ ಉದ್ದನೆಯ ಮೇಲ್‌ನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಈ ಒಂದೇ ಸಾಲು. ಬಿಇ ಸಿವಿಲ್ ಐದನೇ ಸೆಮಿಸ್ಟರ್‌ನಲ್ಲಿರುವ ನನಗೆ ಅದು ಮೊದಲ ಇಂಟರ್ನ್‌ಶಿಪ್ ಸಂದರ್ಶನ. ಅದೂ ವಿಡಿಯೊದಲ್ಲಿ. ಗೋಕಾಕದ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ನಡುಮನೆಯ ಒಂದೇ ಮೂಲೆಯಲ್ಲಿ. ಅಲ್ಲಿ ಕುಳಿತರೆ ಬೆನ್ನ ಹಿಂದೆ ಆ ಗೋಡೆ ಕಾಣುತ್ತದೆ.

ಆ ಗೋಡೆಯ ಮೇಲೊಂದು ಗೆರೆ ಇದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಹೊಳೆ ಊರೊಳಗೆ ಬಂದಾಗ ನಮ್ಮ ಮನೆಯಲ್ಲಿ ನೀರು ನಿಂತ ಮಟ್ಟ ಅದು. ನನಗಾಗ 14 ವರ್ಷ. ನೀರು ನಾಲ್ಕೂ ಗೋಡೆಗಳನ್ನು ಮುಟ್ಟಿತ್ತು. ಮೂರು ಒಣಗಿದವು. ಓಣಿಯ ಕಡೆಗಿರುವ, ಬಿಸಿಲು ಕಾಣದ ಇದೊಂದು ಮಾತ್ರ ಒಣಗಲಿಲ್ಲ. ಅಪ್ಪ ಎರಡು ಸಲ ಬಣ್ಣ ಹೊಡೆಸಿದ್ದಾರೆ. ಪ್ರತಿ ಮಳೆಗಾಲವೂ ಗೆರೆ ಮತ್ತೆ ಮೇಲೆ ಬರುತ್ತದೆ. ಕುರ್ಚಿಯಲ್ಲಿ ಕುಳಿತರೆ ಅದು ಸರಿಯಾಗಿ ನನ್ನ ಭುಜದ ಮಟ್ಟಕ್ಕಿದೆ.

'ಈ ಗ್ವಾಡಿ ತೋರ್ಸಿ ನೌಕರಿ ಕೇಳ್ತಿಯೇನವಾ?' ಎಂದು ಅವ್ವ ಕೇಳಿದಾಗ ನನಗೂ ನಾಚಿಕೆ ಎನಿಸಿತು. ಟ್ಯೂಷನ್ ಹೇಳಿ ಉಳಿಸಿದ್ದ ಎರಡು ಸಾವಿರ ರೂಪಾಯಿ ಕೈಯಲ್ಲಿತ್ತು. ಮೂರು ವಾರದೊಳಗೆ ಆ ಗೋಡೆಯನ್ನು ಶ್ರೀಮಂತರ ಮನೆಯ ಗೋಡೆ ಮಾಡುತ್ತೇನೆ ಎಂದು ಹೊರಟೆ.

ಮೊದಲು ಮಾಡಿದ್ದೇ ತಪ್ಪು ಕೆಲಸ. ಇಟ್ಟಿಗೆ ಡಿಸೈನಿನ ಪ್ಲಾಸ್ಟಿಕ್ ವಾಲ್ ಸ್ಟಿಕರ್ ಅನ್ನು 690 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದೆ. ಅಂಟಿಸಿದ ದಿನ ಫೋಟೊ ತೆಗೆದು ಗೆಳತಿಯರಿಗೆಲ್ಲ ಕಳಿಸಿದೆ. ಐದನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಸ್ಟಿಕರ್ ಗಿಲಾವಿನ ಚೂರುಗಳನ್ನೂ ಕಿತ್ತುಕೊಂಡು ನೆಲದ ಮೇಲೆ ಮಲಗಿತ್ತು.

ನಗು ಬರುವ ಸಂಗತಿ ಏನೆಂದರೆ, ಇದರ ಕಾರಣವನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ನೆಲದ ತೇವ ಇಟ್ಟಿಗೆಯ ಸಣ್ಣ ರಂಧ್ರಗಳ ಮೂಲಕ ಮೇಲೇರುತ್ತದೆ. ಬರುವಾಗ ಲವಣಗಳನ್ನೂ ಹೊತ್ತು ತರುತ್ತದೆ. ನೀರು ಆವಿಯಾದ ಮೇಲೆ ಉಪ್ಪು ಹರಳುಗಟ್ಟಿ ಬಣ್ಣವನ್ನು ಹೊರಗೆ ತಳ್ಳುತ್ತದೆ. ಗೋಡೆಗೆ ಪ್ಲಾಸ್ಟಿಕ್ ಅಂಟಿಸಿದರೆ ತೇವಕ್ಕೆ ಹೊರದಾರಿಯೇ ಇರುವುದಿಲ್ಲ. ಪುಸ್ತಕದ ಗೋಡೆಯ ಬಗ್ಗೆ ಇಷ್ಟೆಲ್ಲ ಗೊತ್ತಿದ್ದವಳಿಗೆ ನಮ್ಮ ಮನೆಯ ಗೋಡೆಯ ಬಗ್ಗೆ ಗೊತ್ತಿರಲಿಲ್ಲ! ಸಡಿಲ ಗಿಲಾವು ಕೆರೆದು, ಒಣ ಬ್ರಷ್‌ನಿಂದ ಉಪ್ಪು ಒರೆಸಿ, ಸುಣ್ಣ ಬಳಿದೆ. ಸುಣ್ಣದ ಮೂಲಕ ಗೋಡೆ ಉಸಿರಾಡುತ್ತದೆ. ಸುಣ್ಣ, ಬ್ರಷ್ ಸೇರಿ 180 ರೂಪಾಯಿ ಆಯಿತು. ಗೆರೆ ಮಾತ್ರ ಪೂರ್ತಿ ಹೋಗಲಿಲ್ಲ, ತೆಳುವಾಯಿತು ಅಷ್ಟೆ.

ಆಮೇಲೆ ಅಂಗಡಿಯಲ್ಲಿ ಏಳು ಕುದುರೆಗಳು ಓಡುವ, ಐದು ತುಂಡಿನ ಚಿತ್ರ ನೋಡಿದೆ. ಮನೆಗೆ ಬಂದು ಯೋಚಿಸಿದೆ: ನಾನು ಹೋದ ಎಷ್ಟು ಮನೆಗಳಲ್ಲಿ ಈ ಕುದುರೆಗಳು ಓಡುತ್ತಿವೆ? ಅಷ್ಟು ಕಡೆ ನೋಡಿದ್ದರೂ ಒಂದಾದರೂ ಮನೆಯ ಗೋಡೆ ನನಗೆ ನೆನಪಿದೆಯೇ? ಇಲ್ಲ. ಹಾಗಾದರೆ ಯಾವ ಗೋಡೆ ನೆನಪಿನಲ್ಲಿ ಉಳಿಯುತ್ತದೆ? ನೋಡಿದ್ದ ಚೆಂದದ ಮನೆಗಳನ್ನು ಒಂದೊಂದಾಗಿ ನೆನೆದೆ. ಅಲ್ಲಿ ಸಾಮಾನು ಕಡಿಮೆ ಇತ್ತು. ಹತ್ತು ಸಣ್ಣ ಪಟಗಳ ಬದಲು ಒಂದೇ ದೊಡ್ಡದು ಇತ್ತು. ಅದರ ಸುತ್ತ ಖಾಲಿ ಜಾಗ ಇತ್ತು. ಹಾಗಾದರೆ ದೊಡ್ಡದು, ಅಪರೂಪದ್ದು, ಆದರೆ ಅಗ್ಗದ್ದು ಯಾವುದು?

ಉತ್ತರ ಮೂಡಲಗಿಯಲ್ಲಿತ್ತು, ನಮ್ಮ ಆಯಿಯ ಟ್ರಂಕಿನೊಳಗೆ. ಬಸ್ ಖರ್ಚು ಸೊನ್ನೆ. ಶಕ್ತಿ ಯೋಜನೆಗೆ ಜೈ. ನಮ್ಮ ಮನೆಯಲ್ಲಿದ್ದ ಕೌದಿಗಳೆಲ್ಲ 2019ರಲ್ಲಿ ಕೆಸರಾಗಿ ಹೋಗಿದ್ದವು. ಆಯಿಯ ಹತ್ತಿರ ಒಂದು ಉಳಿದಿತ್ತು. ಹಳೆಯ ಸೀರೆಗಳ ಪದರಗಳ ಮೇಲೆ ಕೆಂಪು, ಹಸಿರು, ಹಳದಿ ಚೌಕಗಳು. ಅಂಚಿನಿಂದ ನಡುವಿನವರೆಗೆ ಸಾಲುಸಾಲಾಗಿ ಕೈಹೊಲಿಗೆ. ನಡುವಿನ ನೀಲಿ ಚೌಕ ಅವ್ವನ ಮದುವೆಯ ಕಾಲದ ಸೀರೆಯದು.

'ಹಾಸ್ಕೊಂಡು ಮಲಗೂ ಕೌದಿನ ಗ್ವಾಡಿಗೆ ಹಾಕ್ತಾರೇನ? ಮಂದಿ ನಗ್ತಾರ' ಎಂದಳು ಆಯಿ. ಬೈಯುತ್ತಲೇ ಕನ್ನಡಕ ಹಾಕಿಕೊಂಡು ಕೌದಿಯ ಹಿಂಬದಿಗೆ ಉದ್ದನೆಯ ಪಟ್ಟಿ ಹೊಲಿದು ಕೊಟ್ಟಳು. ಅದರೊಳಗೆ ಕೋಲು ತೂರಿಸಿದರೆ ಕೌದಿಗೆ ಒಂದೂ ಮೊಳೆ ಬೀಳುವುದಿಲ್ಲ. ಕೋಲು, ಕೊಕ್ಕೆಗೆ 150 ರೂಪಾಯಿ. ಗೋಡೆಗೂ ಬಟ್ಟೆಗೂ ನಡುವೆ ಎರಡು ಬೆರಳು ಗಾಳಿ ಆಡುವಂತೆ ಕೊಕ್ಕೆ ಹಾಕಿದೆ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಅಡ್ಡಕ್ಕೆ ಮಡಚಿ, ಗೆರೆಗಿಂತ ಒಂದು ಗೇಣು ಮೇಲೆಯೇ ಮುಗಿಯುವಂತೆ ತೂಗುಹಾಕಿದೆ.

ಎದುರಿನ ಒಣ ಗೋಡೆಗೆ ಒಂದು ಪಟ ಬೇಕೆನಿಸಿತು. ಓದುಗ ಮಿತ್ರರೇ, ಇದನ್ನು ಗಮನಿಸಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ, ಹಕ್ಕುಸ್ವಾಮ್ಯ ಮುಗಿದ ತನ್ನ ಲಕ್ಷಾಂತರ ಕಲಾಕೃತಿಗಳ ಫೋಟೊಗಳನ್ನು ಯಾರು ಬೇಕಾದರೂ ಉಚಿತವಾಗಿ ಬಳಸಲು ಬಿಟ್ಟಿತು. ಅಲ್ಲಿ ಹುಡುಕುವಾಗ ಸಿಕ್ಕಿದ್ದು ನಮ್ಮದೇ ವಿಜಯಪುರದ ಚಿತ್ರ. ಸುಮಾರು 1680ರಲ್ಲಿ ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಎಂಬ ಇಬ್ಬರು ಬರೆದದ್ದು. ಆದಿಲ್‌ಶಾಹಿಯ ಒಂಬತ್ತು ಸುಲ್ತಾನರು ಒಂದೇ ಚೌಕಟ್ಟಿನಲ್ಲಿ ಕುಳಿತಿದ್ದಾರೆ. ಮೂಲ ಚಿತ್ರವೇ ಹೆಚ್ಚೂಕಡಿಮೆ ಎ3 ಹಾಳೆಯಷ್ಟಿದೆ. ಅಂದರೆ ಎ3 ಪ್ರಿಂಟ್ ತೆಗೆಸಿದರೆ ಅರಮನೆಯವರು ನೋಡಿದ ಅಳತೆಯಲ್ಲೇ ನಾವೂ ನೋಡಬಹುದು. ದಪ್ಪ ಮ್ಯಾಟ್ ಕಾಗದದ ಮೇಲೆ 60 ರೂಪಾಯಿ ಆಯಿತು. ಹೊಳೆಯುವ ಕಾಗದ ಬೇಡ, ಟ್ಯೂಬ್‌ಲೈಟ್ ಅದರಲ್ಲೇ ಕಾಣುತ್ತದೆ. ಇನ್ನೊಂದು ಲೆಕ್ಕ: ಚಿತ್ರದ ಪಿಕ್ಸೆಲ್‌ಗಳನ್ನು 200ರಿಂದ ಭಾಗಿಸಿದರೆ ಎಷ್ಟು ಇಂಚಿನವರೆಗೆ ಪ್ರಿಂಟ್ ಸ್ಪಷ್ಟವಾಗಿ ಬರುತ್ತದೆ ಎಂಬ ಅಂದಾಜು ಸಿಗುತ್ತದೆ.

ಪ್ರಿಂಟ್ ಸುತ್ತಿಕೊಂಡು ಹುಕ್ಕೇರಿಗೆ ಹೋದೆ. ಅಲ್ಲಿ ಮಾಮಾನದು ಫೋಟೊಗೆ ಕಟ್ಟು ಹಾಕುವ ಸಣ್ಣ ಅಂಗಡಿ. ಆದಿಲ್‌ಶಾಹಿ ಕಾಲದ ಗುಮ್ಮಟಗಳಿರುವ ಊರಿನಲ್ಲೇ ಆದಿಲ್‌ಶಾಹಿ ಸುಲ್ತಾನರಿಗೆ ಕಟ್ಟು!

ಮಾಮಾನ ಅಂಗಡಿಯ ಗೋಡೆಯೇ ಒಂದು ಪಾಠ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ಶುರು ಮಾಡಿದ ಮೇಲೆ ಲಕ್ಷ್ಮಿ, ಸರಸ್ವತಿಯರ ಬಣ್ಣದ ಚಿತ್ರಗಳು ಬಡವರ ಗೋಡೆಗೂ ಬಂದವು. ಮುಂದೆ ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರ ಚಿತ್ರಗಳು ಕ್ಯಾಲೆಂಡರ್‌ಗಳ ಮೂಲಕ ಮನೆಮನೆ ಸೇರಿದವು. ಕಡಿಮೆ ಹಣದಲ್ಲಿ ಗೋಡೆ ಚೆಂದ ಮಾಡುವುದು ನಮ್ಮ ಅಜ್ಜಂದಿರ ಕಾಲದ ವಿದ್ಯೆಯೇ, ಇನ್‌ಸ್ಟಾಗ್ರಾಂ ಕಂಡುಹಿಡಿದದ್ದಲ್ಲ.

'ನೋಡವಾ' ಎಂದ ಮಾಮಾ, 'ಸತ್ತವರ ಫೋಟೊಕ್ಕ ಮಂದಿ ಛಲೋ ಕಟ್ಟಿಗಿ ಕಟ್ಟು ಕೇಳ್ತಾರ. ಬದುಕಿದ್ದವರ ಫೋಟೊಕ್ಕ ಪ್ಲಾಸ್ಟಿಕ್ ಸಾಕಂತಾರ.' ಚಿತ್ರದ ಸುತ್ತ ಮೂರು ಇಂಚು ಬಿಳಿ ಮೌಂಟ್ ಬೋರ್ಡ್ ಬಿಟ್ಟ, ಕೆಳಗೆ ಮಾತ್ರ ಅರ್ಧ ಇಂಚು ಹೆಚ್ಚು. ತೆಳುವಾದ ಕಟ್ಟಿಗೆಯ ಕಟ್ಟು, ಗಾಜು, ಹಿಂದಿನ ಎರಡು ಮೂಲೆಗೆ ಬೆಂಡಿನ ತುಂಡು. ಗೋಡೆಗೆ ತಾಗದಂತೆ ಅದು. 60 ರೂಪಾಯಿಯ ಕಾಗದ ಅವನ ಕೈಯಿಂದ ಹೊರಬಂದಾಗ ಗುರುತೇ ಸಿಗಲಿಲ್ಲ. ಸುಮ್ಮನೆ ಮಾಡಿಕೊಡುತ್ತೇನೆ ಎಂದ. ನಾನು ಒತ್ತಾಯಿಸಿ 520 ರೂಪಾಯಿ ಕೊಟ್ಟೆ. ಅವನ ಕೈಕೆಲಸಕ್ಕೆ ಬೆಲೆ ಕಟ್ಟದೆ ಶ್ರೀಮಂತ ಗೋಡೆಯ ಮಾತಾಡುವುದು ಸರಿ ಅನ್ನಿಸಲಿಲ್ಲ.

ಕೊನೆಗೆ 300 ರೂಪಾಯಿ ಉಳಿಸಿಟ್ಟಿದ್ದೆ. ಗೋಕಾಕ ಅಂದರೆ ಎಲ್ಲರಿಗೂ ಕರದಂಟು, ಜಲಪಾತ. ಮರದ ಬಣ್ಣದ ಗೊಂಬೆ, ಹಣ್ಣುಗಳಿಗೂ ನಮ್ಮೂರು ಹೆಸರಾದದ್ದು. ಜಿಂಗಾರ ಮನೆತನದವರ ಕಲೆ ಅದು. ನಾಲ್ಕು ಹಣ್ಣು ತಂದು ಗೋಡೆಯಲ್ಲಿದ್ದ ಹಳೆಯ ದೀಪದ ಮಾಡದೊಳಗೆ ಇಟ್ಟೆ. ಪಕ್ಕದ ಮನೆಯ ಹುಡುಗ ಮಾವಿನಹಣ್ಣನ್ನು ಕಚ್ಚಿ ನೋಡಿದ. ಕಲೆಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೇ?

ಒಟ್ಟು ಖರ್ಚು 1,900 ರೂಪಾಯಿ. ಅದರಲ್ಲಿ ನೀರಿಗೆ ಹಾಕಿದ್ದು ಸ್ಟಿಕರ್‌ನ 690 ಮಾತ್ರ.

ಪಿಜಿ, ಹಾಸ್ಟೆಲ್‌ನಲ್ಲಿರುವವರಿಗೆ ಒಂದು ಮಾತು. ಮೊಳೆ ಹೊಡೆಯಲು ಬಿಡದಿದ್ದರೆ ಪಟವನ್ನು ಮೇಜಿನ ಮೇಲೆ ಗೋಡೆಗೆ ಒರಗಿಸಿಡಿ. ಮ್ಯೂಸಿಯಂಗಳಲ್ಲಿ ಚಿತ್ರದ ನಡುಭಾಗವನ್ನು ನೆಲದಿಂದ ಸುಮಾರು 57 ಇಂಚಿಗೆ ಇಡುವ ರೂಢಿಯಿದೆ. ಅದು ನಿಂತು ನೋಡುವವರ ಲೆಕ್ಕ. ಚಾಪೆ ಹಾಸಿ ಕೂರುವ ಕೋಣೆಯಲ್ಲಿ ಇನ್ನೂ ಕೆಳಗಿಡಿ. ಮಂಚದ ಮೇಲೆ ತೂಗುಹಾಕುವುದಾದರೆ ಮಂಚದ ಅಗಲದ ಮೂರರಲ್ಲಿ ಎರಡು ಪಾಲಿನಷ್ಟು ಅಗಲ ಇರಲಿ. ಊರಿಂದ ಬರುವಾಗ ಮನೆಯಲ್ಲಿ ಮೂಲೆ ಸೇರಿರುವ ಒಂದು ಬಟ್ಟೆಯನ್ನೋ ಹಳೆಯ ಫೋಟೊವನ್ನೋ ಕೇಳಿ ತನ್ನಿ.

ಸಂದರ್ಶನದ ದಿನ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಆ ಮೇಡಂ, 'ನಿಮ್ಮ ಹಿಂದಿರುವುದು ಏನು?' ಎಂದು ಕೇಳಿದರು. ಕೌದಿಯ ಬಗ್ಗೆ ಹೇಳಿದೆ. 'ಅದರ ಕೆಳಗಿನ ಗೆರೆ?' ಎಂದರು. ಅವರಿಗೆ ಅದು ಕಂಡಿತ್ತು! ಒಂದು ಕ್ಷಣ ಬಾಯಿ ಒಣಗಿತು. ಆಮೇಲೆ ಹೊಳೆ ಬಂದದ್ದು, ಸ್ಟಿಕರ್ ಕಳಚಿದ್ದು, ತೇವ, ಉಪ್ಪು, ಸುಣ್ಣ ಎಲ್ಲವನ್ನೂ ಹೇಳಿದೆ. ಅಷ್ಟು ಹೊತ್ತು ತಡವರಿಸುತ್ತಿದ್ದ ನನ್ನ ಇಂಗ್ಲಿಷ್ ಆಗ ಎಲ್ಲೂ ನಿಲ್ಲಲಿಲ್ಲ.

ಆ ಇಂಟರ್ನ್‌ಶಿಪ್ ನನಗೆ ಸಿಗಲಿಲ್ಲ. ಎರಡು ದಿನ ಬೇಜಾರಾಗಿದ್ದೆ. ಈಗ ಇನ್ನೆರಡು ಕಡೆ ಅರ್ಜಿ ಹಾಕಿದ್ದೇನೆ. ಆದರೆ ಮೊದಲೆಲ್ಲ ಯಾರಾದರೂ ಮನೆಗೆ ಬಂದರೆ ಆ ಗೋಡೆಗೆ ಮಂಚ ನಿಲ್ಲಿಸಿ ಮರೆ ಮಾಡುತ್ತಿದ್ದ ಅವ್ವ, ಈಗ ಬಂದವರಿಗೆ ಅದರ ಎದುರೇ ಕುರ್ಚಿ ಹಾಕುತ್ತಾಳೆ. ಚಹಾ ಕೊಟ್ಟು, ನೀಲಿ ಚೌಕದ ಕಡೆ ಬೆರಳು ಮಾಡಿ, 'ಅದು ನಂದ ಸೀರಿ' ಎನ್ನುತ್ತಾಳೆ.