ಓಡುತ್ತಲೇ ಸವೆಯುವ ಜನತಾ

ಜಪಾನಿನ ಸಿಟಿಜನ್ ಕಂಪನಿಯ ನೆರವಿನೊಂದಿಗೆ 1961ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾಯಿತು. ಆಮೇಲೆ ತುಮಕೂರಿಗೂ ಒಂದು ಬಂತು. ಈ ಎರಡರ ನಡುವಿನ ಹೆದ್ದಾರಿಯಲ್ಲಿರುವ ನೆಲಮಂಗಲದಲ್ಲಾಗಲಿ, ಮಗ್ಗದ ಊರಾದ ದೊಡ್ಡಬಳ್ಳಾಪುರದಲ್ಲಾಗಲಿ ಹಳೇ ಮನೆಯ ಬೀರು ತೆಗೆದರೆ ಕೀ ಕೊಡುವ ಎಚ್‌ಎಂಟಿ 'ಜನತಾ' ವಾಚು ಇವತ್ತಿಗೂ ಸಿಕ್ಕೀತು. ಎಚ್‌ಎಂಟಿ ವಾಚಸ್ ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಹೊಸ ಬಿಡಿಭಾಗ ತಯಾರಾಗುವ ಮಾತಿಲ್ಲ. ಇರುವುದನ್ನೇ ಸವೆಯದಂತೆ ಕಾಪಾಡಿಕೊಳ್ಳಬೇಕು.

ಜನತಾದ ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಸಲ ಆಚೀಚೆ ಹೊರಳುತ್ತದೆ. ದಿನಕ್ಕೆ 4,32,000 ಸಲ, ವರ್ಷಕ್ಕೆ ಸುಮಾರು 15 ಕೋಟಿ 77 ಲಕ್ಷ ಸಲ! ಅದರ ಅಚ್ಚಿನ ತುದಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಮಾತ್ರ ದಪ್ಪ. ಅದು ಉರುಳುವುದು ಕೃತಕ ಮಾಣಿಕ್ಯದ ರಂಧ್ರದಲ್ಲಿ. ಡಯಲ್ ಮೇಲಿನ '17 ಜ್ಯುವೆಲ್ಸ್' ಎಂದರೆ ಇಂಥ ಹರಳುಗಳೇ. ಎಲ್ಲ ಚಕ್ರಗಳಿಗೂ ಆ ಭಾಗ್ಯವಿಲ್ಲ. ಮುಖ್ಯ ಸ್ಪ್ರಿಂಗ್ ತುಂಬಿದ ಡಬ್ಬಿಯ ಅಚ್ಚು ನೇರವಾಗಿ ಹಿತ್ತಾಳೆಯಲ್ಲೇ ತಿರುಗುತ್ತದೆ. ಆ ತೂತು ಸವೆದು ಮೊಟ್ಟೆಯಾಕಾರವಾದರೆ ಡಬ್ಬಿ ವಾಲುತ್ತದೆ, ಹಲ್ಲುಗಳು ಸರಿಯಾಗಿ ಕೂಡುವುದಿಲ್ಲ.

ಹಿತ್ತಾಳೆ ಮೆದು, ಉಕ್ಕು ಗಟ್ಟಿ. ಹಾಗಾದರೆ ಹಿತ್ತಾಳೆಯೇ ಮೊದಲು ಸವೆಯಬೇಕಲ್ಲವೇ? ಎಷ್ಟೋ ಕಡೆ ಆಗುವುದು ತಿರುಗುಮುರುಗು. ಎಣ್ಣೆ ಒಣಗಿ ಅಂಟಾದಾಗ ಧೂಳಿನ ಗಟ್ಟಿ ಕಣಗಳು ಮೆದುವಾದ ಹಿತ್ತಾಳೆಯಲ್ಲಿ ಹೂತುಕೊಳ್ಳುತ್ತವೆ. ಆಗ ಹಿತ್ತಾಳೆಯೇ ಉಪ್ಪುಕಾಗದದಂತಾಗಿ ಉಕ್ಕಿನ ಅಚ್ಚನ್ನು ತರಿಯುತ್ತದೆ. ಲೋಹದ ಆ ಕಪ್ಪು ಪುಡಿ ಮತ್ತೆ ಎಣ್ಣೆಗೇ ಸೇರಿ ಸವೆತವನ್ನು ಇನ್ನಷ್ಟು ಹೆಚ್ಚಿಸುತ್ತದೆ. ವಾಚ್ ರಿಪೇರಿಯವರು ಭೂತಗನ್ನಡಿಯಲ್ಲಿ ನೋಡಿದರೆ ನುಣುಪಾಗಿರಬೇಕಾದ ಅಚ್ಚಿನ ಸುತ್ತ ಸಣ್ಣ ಕಾಲುವೆ ಕೊರೆದಿರುತ್ತದೆ.

  

ಇಲ್ಲಿ ಮೋಸಗೊಳಿಸುವ ಸಂಗತಿಯೊಂದಿದೆ. ಎಣ್ಣೆ ಒಣಗಿದ ವಾಚು ಸುಮ್ಮನೆ ನಿಂತುಬಿಟ್ಟರೆ ಒಳ್ಳೆಯದೇ, ಸವೆತವೂ ನಿಲ್ಲುತ್ತದೆ. ಆದರೆ ಗಟ್ಟಿ ಸ್ಪ್ರಿಂಗ್ ಅದನ್ನು ವರ್ಷಗಟ್ಟಲೆ ಎಳೆದುಕೊಂಡು ಹೋಗುತ್ತದೆ, ಟೈಮೂ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. 'ಚೆನ್ನಾಗಿ ಓಡುತ್ತಿದೆ, ಯಾಕೆ ಬಿಚ್ಚಿಸಬೇಕು' ಎಂಬ ಮಾತೇ ವಾಚನ್ನು ಕೆಡಿಸುವುದು.

ಬೀರುವಿನಲ್ಲಿ ಅಜ್ಜನ ಜನತಾ ಸಿಕ್ಕರೆ ತಕ್ಷಣ ಕೀ ಕೊಟ್ಟು ಓಡಿಸಬೇಡಿ. ಕೀ ವಾಚು ಬಲ್ಲವರ ಹತ್ತಿರ ಪೂರ್ತಿ ಬಿಚ್ಚಿಸಿ, ತೊಳೆಸಿ, ಹೊಸ ಎಣ್ಣೆ ಹಾಕಿಸಿ. ದಿನಾ ಕಟ್ಟುವುದಾದರೆ ನಾಲ್ಕೈದು ವರ್ಷಕ್ಕೊಮ್ಮೆ ಇದನ್ನು ತಪ್ಪಿಸಬೇಡಿ.